ಯಾಪ್ಯವೂ ಪ್ರತ್ಯಾಖ್ಯೇಯವೂ: ಶ್ವಾಸಕೋಶದ ಅರ್ಬುದದಲ್ಲಿ ಉಪಶಮನದ ಆರೈಕೆ

‘ಇನ್ನು ಮಾಡತಕ್ಕದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿರಿ’ ಎಂಬ ಮಾತು ವೈದ್ಯಶಾಲೆಗಳ ಬಾಗಿಲಲ್ಲಿ ಎಷ್ಟೋ ಕುಟುಂಬಗಳ ಕಿವಿಗೆ ಬಿದ್ದಿದೆ. ಈ ಮಾತಿನೊಳಗೆ ಎರಡು ಪ್ರತಿಜ್ಞೆಗಳು ಅಡಗಿವೆ. ರೋಗವನ್ನು ನಿರ್ಮೂಲಮಾಡುವ ಉಪಾಯವಿಲ್ಲವೆಂಬುದು ಒಂದು. ರೋಗಿಗೆ ಮಾಡತಕ್ಕ ಉಪಚಾರವೇ ಇಲ್ಲವೆಂಬುದು ಮತ್ತೊಂದು. ಮೊದಲನೆಯದು ಅನೇಕ ವೇಳೆ ಸತ್ಯ. ಆದರೆ ಅದರಿಂದ ಎರಡನೆಯದು ಸಿದ್ಧಿಸುವುದಿಲ್ಲ. ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದಿದವನಿಗೂ ಈ ದೋಷ ಗೋಚರಿಸುವುದು. ಆದರೂ ಲೋಕವ್ಯವಹಾರದಲ್ಲಿ ಇವೆರಡೂ ಒಂದೇ ಎಂಬಂತೆ ಬಹುಕಾಲ ನಡೆದುಬಂದಿದೆ. ಈ ತಪ್ಪಿನ ಬೆಲೆಯನ್ನು ತೆತ್ತವರು ಹಾಸಿಗೆ ಹಿಡಿದ ರೋಗಿಗಳು. ಇವೆರಡನ್ನೂ ಬೇರ್ಪಡಿಸಿ, ರೋಗವು ಹೋಗದಿದ್ದರೂ ರೋಗಿಯ ಸಂಕಟವನ್ನು ಹೋಗಲಾಡಿಸುವುದು ಶಾಸ್ತ್ರೀಯವಾದ ಕಾರ್ಯವೇ ಎಂದು ಸ್ಥಾಪಿಸಿದ ವೈದ್ಯಶಾಖೆಗೆ ಈಗ ಕನ್ನಡದಲ್ಲಿ ‘ಉಪಶಮನ ಚಿಕಿತ್ಸೆ’ ಎಂದೂ ‘ಉಪಶಾಮಕ ಆರೈಕೆ’ ಎಂದೂ ಹೆಸರು ನಡೆಯುತ್ತಿದೆ.

ಈ ವಿಚಾರಕ್ಕೆ ಶ್ವಾಸಕೋಶದ ಅರ್ಬುದವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಯುಕ್ತ. ಅರ್ಬುದವೆಂಬುದು ಸುಶ್ರುತಸಂಹಿತೆಯಲ್ಲಿ ಬರುವ ಮಾತು. ದುಂಡಗೆ, ಅಲುಗಾಡದೆ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಕೀವುಗಟ್ಟದೆ ಇರುವ ಗಂಟಿಗೆ ಅಲ್ಲಿ ಆ ಹೆಸರು. ಗ್ರೀಕರು ಇಂತಹ ವ್ಯಾಧಿಗೆ ಏಡಿಯ ಹೆಸರನ್ನಿಟ್ಟರು. ಲ್ಯಾಟಿನ್ನಿನ ‘ಕ್ಯಾನ್ಸರ್’ ಶಬ್ದಕ್ಕೂ ಅದೇ ಅರ್ಥ. ಕನ್ನಡದ ‘ಏಡಿಗಂತಿ’ ಅದರ ನೆರಳು. ಪ್ರಾಚೀನರು ಹೇಳಿದ ಅರ್ಬುದವೆಲ್ಲ ಇಂದಿನ ಕ್ಯಾನ್ಸರೇ ಎಂದು ಸಾಧಿಸಹೊರಡುವುದು ಸಾಹಸ. ಹೆಸರಿನ ಸಾದೃಶ್ಯ ಬೇರೆ, ವಸ್ತುವಿನ ಐಕ್ಯ ಬೇರೆ. ಇಂದು ಲೋಕದಲ್ಲಿ ಎಲ್ಲ ಅರ್ಬುದಗಳಿಗಿಂತ ಹೆಚ್ಚು ಜನರನ್ನು ಬಲಿತೆಗೆದುಕೊಳ್ಳುತ್ತಿರುವುದು ಶ್ವಾಸಕೋಶದ್ದು. 2022ನೆಯ ವರ್ಷವೊಂದರಲ್ಲಿಯೇ ಇದರಿಂದ ಸುಮಾರು 18 ಲಕ್ಷ ಜನರು ಮೃತರಾದರೆಂದು ಅಂತರರಾಷ್ಟ್ರೀಯ ಗಣನೆ. ಇದು ಇಷ್ಟು ಕ್ರೂರವಾಗಿರುವುದಕ್ಕೆ ಒಂದು ಕಾರಣ ಅದರ ಮೌನ. ಶ್ವಾಸಕೋಶದ ಒಳಗಿನ ಮಾಂಸಕ್ಕೆ ನೋವಿನ ಅರಿವಿಲ್ಲ. ಗಂತಿಯು ಪಕ್ಕೆಯ ಪೊರೆಯನ್ನೋ ಎಲುಬನ್ನೋ ನರವನ್ನೋ ಮುಟ್ಟುವವರೆಗೆ ಅದು ಕೂಗಿ ಹೇಳುವುದಿಲ್ಲ. ಕೆಮ್ಮು, ದಣಿವು, ತೂಕ ಇಳಿಯುವುದು, ಕಫದಲ್ಲಿ ರಕ್ತದ ಎಳೆ ಇವು ಕಂಡಾಗ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಕ್ಷಯ. ಅದರ ಔಷಧಗಳಲ್ಲಿಯೇ ಕೆಲವು ತಿಂಗಳು ಕಳೆದುಹೋಗುವುದೂ ಉಂಟು. ಹೀಗಾಗಿ ರೋಗವು ಇದೇ ಎಂದು ನಿಶ್ಚಯವಾಗುವ ವೇಳೆಗೆ ಬಹುಮಂದಿಗೆ ಅದು ಶಸ್ತ್ರಕ್ಕೆ ನಿಲುಕದಷ್ಟು ಹರಡಿರುತ್ತದೆ.

ಇಂತಹ ರೋಗಿಯನ್ನು ಪ್ರಾಚೀನ ವೈದ್ಯಶಾಸ್ತ್ರವು ಯಾವ ವರ್ಗದಲ್ಲಿ ಇಡುತ್ತಿತ್ತು? ಚರಕಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ವ್ಯಾಧಿಗಳ ವಿಭಾಗ ಬರುತ್ತದೆ. ಸಾಧ್ಯ, ಅಸಾಧ್ಯ ಎಂದು ಮೊದಲು ಎರಡು. ಸಾಧ್ಯದಲ್ಲಿ ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದು ಭೇದ. ಅಸಾಧ್ಯದಲ್ಲಿಯೂ ಎರಡು ಬಗೆ: ಯಾಪ್ಯವೊಂದು, ಪ್ರತ್ಯಾಖ್ಯೇಯವೊಂದು. ಅಸಾಧ್ಯವನ್ನು ಒಂದೇ ಮುದ್ದೆಯಾಗಿ ಬಿಡದೆ ಹೀಗೆ ಸೀಳಿ ನೋಡಿದ್ದು ದೊಡ್ಡ ವಿವೇಕ. ‘ಯಾ’ ಧಾತುವಿಗೆ ಹೋಗುವುದೆಂದು ಅರ್ಥ; ಅದರ ಪ್ರೇರಣಾರ್ಥಕದಿಂದ ಬಂದ ‘ಯಾಪ್ಯ’ವೆಂದರೆ ಸಾಗಿಸಬಹುದಾದದ್ದು, ಮುಂದಕ್ಕೆ ನೂಕಬಹುದಾದದ್ದು. ಔಷಧವೂ ಪಥ್ಯವೂ ನಡೆಯುತ್ತಿರುವಷ್ಟು ಕಾಲ ರೋಗಿಯು ಅಲ್ಪಸ್ವಲ್ಪ ಸುಖದಿಂದಿರುವನು. ಅವು ನಿಂತರೆ ವ್ಯಾಧಿ ಮತ್ತೆ ತಲೆಯೆತ್ತುವುದು. ಸುಶ್ರುತಸಂಹಿತೆಯು ಇದಕ್ಕೆ ಕೊಡುವ ಉಪಮೆ ಮನೋಜ್ಞವಾದುದು: ಬೀಳಲಿರುವ ಮನೆಗೆ ಚೆನ್ನಾಗಿ ಕೊಟ್ಟ ಊರೆಗಂಬದಂತೆ ಚಿಕಿತ್ಸೆಯು ಯಾಪ್ಯರೋಗಿಯನ್ನು ಎತ್ತಿಹಿಡಿಯುತ್ತದೆ. ಊರೆಗಂಬವು ಹಳೆಯ ಮನೆಯನ್ನು ಹೊಸದು ಮಾಡುವುದಿಲ್ಲ. ಒಳಗಿರುವವರ ಮೇಲೆ ಮಾಡು ಕುಸಿಯದಂತೆ ತಡೆಯುತ್ತದೆ.

ಪ್ರತ್ಯಾಖ್ಯೇಯದ ವಿಷಯದಲ್ಲಾದರೋ ಶಾಸ್ತ್ರವು ನಿಷ್ಠುರವಾಗಿದೆ. ಅಸಾಧ್ಯವನ್ನು ಚಿಕಿತ್ಸಿಸಹೋದ ವೈದ್ಯನಿಗೆ ಧನಹಾನಿ, ವಿದ್ಯಾಹಾನಿ, ಯಶೋಹಾನಿ, ಲೋಕನಿಂದೆ ಇವು ತಪ್ಪವೆಂದು ಚರಕದಲ್ಲಿ ಎಚ್ಚರಿಕೆಯುಂಟು. ಇದನ್ನು ಕೇವಲ ಸ್ವಾರ್ಥವೆಂದು ತಿಳಿಯಬಾರದು. ಬದುಕುವುದಿಲ್ಲವೆಂದು ತಿಳಿದೂ ಆಸೆ ತೋರಿಸಿ ಹಣ ಸುಲಿಯುವ ಕುವೈದ್ಯರಿಂದ ಕುಟುಂಬವನ್ನು ರಕ್ಷಿಸುವ ಪ್ರಾಮಾಣಿಕತೆಯೂ ಆ ನಿಷೇಧದಲ್ಲಿದೆ. ಆ ಜಾತಿಯವರು ಇಂದಿಗೂ ನಿಶ್ಶೇಷವಾಗಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ವೈದ್ಯನು ಎದ್ದುಹೋದ ಮೇಲೆ ರೋಗಿಗೆ ಉಳಿದ ದಿನಗಳೆಷ್ಟೋ ಅಷ್ಟು ದಿನ ಅವನ ಉಸಿರಿನ ಸಂಕಟವನ್ನು ನೋಡಿಕೊಳ್ಳುವವರಾರು? ಸಂಹಿತೆಗಳಲ್ಲಿ ಇದಕ್ಕೆ ನೇರವಾದ ಉತ್ತರ ದೊರೆಯುವುದು ಕಷ್ಟ. ಶ್ವಾಸರೋಗಗಳ ಪ್ರಕರಣದಲ್ಲಿ ಚರಕಕಾರನು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕ, ಕ್ಷುದ್ರ ಎಂದು ಐದನ್ನು ಹೇಳಿ, ಮೊದಲ ಮೂರರಲ್ಲಿ ರೋಗಿಯ ಅವಸ್ಥೆಯನ್ನು ಎದೆ ನಡುಗುವಂತೆ ವರ್ಣಿಸಿದ್ದಾನೆ. ಕಣ್ಣಿಟ್ಟು ನೋಡಿದವನ ವರ್ಣನೆ ಅದು. ವರ್ಣನೆ ಮುಗಿದೊಡನೆ ಅವು ಮೂರೂ ಪ್ರಾಣಹರಗಳೆಂಬ ನಿರ್ಣಯ ಬರುತ್ತದೆ.

ಆ ಪ್ರಶ್ನೆಗೆ ಉತ್ತರವನ್ನು ಕಟ್ಟಿದ ಕಾರ್ಯವು ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆಯಿತು. ಸಿಸಿಲಿ ಸಾಂಡರ್ಸ್ (1918-2005) ಎಂಬಾಕೆ ಮೊದಲು ದಾದಿಯಾಗಿ, ಬೆನ್ನುನೋವಿನಿಂದ ಆ ಕೆಲಸವನ್ನು ಬಿಟ್ಟು ವೈದ್ಯಶಾಲೆಯ ಸಮಾಜಸೇವಕಿಯಾಗಿ, ಅನಂತರ ವೈದ್ಯವಿದ್ಯೆಯನ್ನು ಕಲಿತು 1957ರಲ್ಲಿ ವೈದ್ಯಳಾದಳು. ಮರಣಾಭಿಮುಖರಾದವರ ನಡುವೆ ಕೆಲಸಮಾಡುತ್ತ ಆಕೆ ಕಂಡುಕೊಂಡ ವಿಷಯಗಳಲ್ಲಿ ಎರಡು ಮುಖ್ಯ. ನೋವು ಬಂದ ಮೇಲೆ ಔಷಧವನ್ನು ಬೇಡಿ ಪಡೆಯುವ ಕ್ರಮ ತಪ್ಪು. ಗಡಿಯಾರವನ್ನು ನೋಡಿಕೊಂಡು, ನೋವು ಮರಳಿ ಬರುವ ಮೊದಲೇ ಕೊಡಬೇಕು ಎಂಬುದು ಒಂದು. ನೋವೆಂಬುದು ಶರೀರದ್ದು ಮಾತ್ರವಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಕೂಡಿ ‘ಸಮಗ್ರವೇದನೆ’ಯಾಗುತ್ತದೆ ಎಂಬುದು ಇನ್ನೊಂದು. ನಮ್ಮವರ ತಾಪತ್ರಯದ ವಿಭಾಗವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ಆಕೆ 1967ರಲ್ಲಿ ಲಂಡನ್ನಿನ ದಕ್ಷಿಣಭಾಗದಲ್ಲಿ ಸಂತ ಕ್ರಿಸ್ಟೋಫರನ ಹೆಸರಿನ ಹಾಸ್ಪಿಸನ್ನು ತೆರೆದಳು. ಹಾಸ್ಪಿಸ್ ಎಂದರೆ ಮೂಲದಲ್ಲಿ ಯಾತ್ರಿಕರ ತಂಗುಮನೆ. ಅತಿಥಿಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ್ದು. ಕ್ರಿಸ್ಟೋಫರನು ಯಾತ್ರಿಕರನ್ನು ಹೊಳೆ ದಾಟಿಸಿದ ಪುಣ್ಯಪುರುಷನೆಂದು ಅವರ ಐತಿಹ್ಯ.

ಫ್ರೆಂಚ್ ಮಾತಾಡುವವರ ಕಿವಿಗೆ ‘ಹಾಸ್ಪಿಸ್’ ಎಂಬುದು ಗತಿಯಿಲ್ಲದವರನ್ನು ನೂಕುವ ಸ್ಥಳವೆಂದು ಕೇಳಿಸುತ್ತಿತ್ತು. ಆದುದರಿಂದ ಕೆನಡಾದೇಶದ ಮಾಂಟ್ರಿಯಲ್ ನಗರದ ವೈದ್ಯ ಬಾಲ್ಫರ್ ಮೌಂಟನು 1970ರ ದಶಕದಲ್ಲಿ ಇದೇ ಕಾರ್ಯಕ್ಕೆ ‘ಪ್ಯಾಲಿಯೇಟಿವ್’ ಎಂಬ ವಿಶೇಷಣವನ್ನು ಆರಿಸಿದನು. ಅದರ ಮೂಲ ‘ಪ್ಯಾಲಿಯಂ’. ಮೈಮೇಲೆ ಹೊದೆದುಕೊಳ್ಳುವ ನಿಲುವಂಗಿ. ಮುಚ್ಚಿಡುವುದೆಂಬ ಹೀನಾರ್ಥವೂ ಆ ಶಬ್ದಕ್ಕೆ ಹಿಂದೆ ಇತ್ತು: ರೋಗವನ್ನು ವಾಸಿಮಾಡದೆ ಮೇಲೆ ಬಟ್ಟೆ ಹೊದಿಸುವುದು. ಚಳಿಯಲ್ಲಿ ನಡುಗುವವನಿಗೆ ಹೊದಿಕೆ ಕೊಡುವುದು ಎಂಬ ಅರ್ಥವೇ ಈಗ ನಿಂತಿದೆ.

ಈ ಶಾಖೆಯ ಲಕ್ಷಣವಾಕ್ಯದ ಇತಿಹಾಸವೂ ಗಮನಿಸತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಮಾಡಿದ ಲಕ್ಷಣದಂತೆ, ವಾಸಿಮಾಡುವ ಚಿಕಿತ್ಸೆಗೆ ಯಾರ ರೋಗವು ಬಗ್ಗುವುದಿಲ್ಲವೋ ಅವರಿಗೆ ಕೊಡುವ ಸರ್ವಾಂಗೀಣವಾದ ಆರೈಕೆ ಇದು. ಇದರಲ್ಲಿ ಅವ್ಯಾಪ್ತಿದೋಷವಿದೆ. ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗಲೇ ನೋವಿನಿಂದ ನರಳುವವನು ಈ ಲಕ್ಷಣದ ಹೊರಗೆ ಉಳಿಯುತ್ತಾನೆ. ಅವನು ಮೊದಲು ಸೋಲಬೇಕು, ಅನಂತರ ಅವನಿಗೆ ಶಾಂತಿ! 2002ರಲ್ಲಿ ಸಂಸ್ಥೆಯು ಲಕ್ಷಣವನ್ನು ತಿದ್ದಿತು. ಪ್ರಾಣಭಯವುಳ್ಳ ವ್ಯಾಧಿಯನ್ನು ಎದುರಿಸುವ ರೋಗಿಗೂ ಅವನ ಕುಟುಂಬಕ್ಕೂ ಇದು ಸಲ್ಲುವುದೆಂದೂ, ವ್ಯಾಧಿಯ ಆರಂಭದಲ್ಲಿಯೇ ಇತರ ಚಿಕಿತ್ಸೆಗಳೊಡನೆ ಕೂಡಿ ನಡೆಯಬಹುದೆಂದೂ ಸೇರಿಸಿತು. ಈ ತಿದ್ದುಪಾಡು ಎಷ್ಟು ಸಾರ್ಥಕವೆಂಬುದಕ್ಕೆ ಪ್ರಮಾಣ ದೊರೆತದ್ದು ಶ್ವಾಸಕೋಶದ ಅರ್ಬುದದಲ್ಲಿಯೇ.

ಆ ಪ್ರಮಾಣಕ್ಕೆ ಮುಂಚೆ ಆರೈಕೆಯ ಸ್ವರೂಪವನ್ನು ತಿಳಿಯುವುದು ಆವಶ್ಯಕ. ಶ್ವಾಸಕೋಶದ ರೋಗಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸುವುದು ಉಸಿರುಗಟ್ಟುವಿಕೆ. ನೋವನ್ನು ಹಲ್ಲು ಕಚ್ಚಿ ತಡೆಯುವ ಧೀರನೂ ಉಸಿರು ಸಿಕ್ಕದಾಗ ಅಧೀರನಾಗುವನು. ಹೆದರಿಕೆಯಿಂದ ಉಸಿರು ಬೇಗಬೇಗನಾಗುವುದು, ಉಸಿರು ಬೇಗನಾದುದರಿಂದ ಹೆದರಿಕೆ ಇಮ್ಮಡಿಸುವುದು. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕು. ಉಸಿರುಗಟ್ಟಲು ಕಾರಣವೇನೆಂಬುದನ್ನು ಮೊದಲು ಹುಡುಕುತ್ತಾರೆ. ಪಕ್ಕೆಯಲ್ಲಿ ನೀರು ತುಂಬಿ ಶ್ವಾಸಕೋಶವನ್ನು ಅದುಮಿದ್ದರೆ ಸೂಜಿಯಿಂದಲೋ ನಳಿಕೆಯಿಂದಲೋ ಅದನ್ನು ತೆಗೆಯುವರು. ಲೀಟರುಗಟ್ಟಲೆ ನೀರು ಹೊರಬಂದೊಡನೆ ರೋಗಿಯು ಕಣ್ಣು ತೆರೆದು ಮಾತಾಡುವುದುಂಟು. ಅದು ಮತ್ತೆ ಮತ್ತೆ ತುಂಬುವುದಾದರೆ ಪೊರೆಗಳೆರಡನ್ನೂ ಅಂಟಿಸಿಬಿಡುವ ಉಪಾಯವಿದೆ. ಅದಕ್ಕೆ ಬಳಸುವ ಶುದ್ಧೀಕರಿಸಿದ ಪುಡಿಯು ಟಾಲ್ಕ್. ಬಳಪದ ಕಲ್ಲಿನಲ್ಲಿರುವ ಮುಖ್ಯ ಖನಿಜ ಅದೇ. ಅಕ್ಷರಾಭ್ಯಾಸದ ದಿನ ಮಗುವಿನ ಕೈಗೆ ಕೊಡುತ್ತಿದ್ದ ಬಳಪದ ಬಂಧುವು ಇಲ್ಲಿ ಬಂದು ಹೀಗೆ ಉಪಕಾರ ಮಾಡುತ್ತದೆ. ಶ್ವಾಸನಾಳವನ್ನು ಗಂತಿಯು ಒತ್ತಿದ್ದರೆ ಕಿರಣಚಿಕಿತ್ಸೆ; ರಕ್ತ ಕಡಮೆಯಾಗಿದ್ದರೆ ರಕ್ತ ಕೊಡುವುದು.

ಇವಾವುವೂ ಸಾಲದಾದಾಗ? ಪ್ರಾಣವಾಯುವಿನ ಉರುಳೆಯನ್ನು ತರುವುದೇ ಮುಖ್ಯವೆಂದು ಬಂಧುಗಳು ಭಾವಿಸುವರು. ರಕ್ತದಲ್ಲಿ ಪ್ರಾಣವಾಯು ನಿಜವಾಗಿ ಕಡಮೆಯಿರುವವರಿಗೆ ಅದು ಬೇಕು. ಕಡಮೆಯಿಲ್ಲದವರಿಗೆ? 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಂತಹ 239 ರೋಗಿಗಳಲ್ಲಿ ಕೆಲವರಿಗೆ ಪ್ರಾಣವಾಯುವನ್ನೂ ಕೆಲವರಿಗೆ ಸಾಮಾನ್ಯ ಗಾಳಿಯನ್ನೂ ಒಂದೇ ರೀತಿಯ ನಳಿಕೆಯಿಂದ ಮೂಗಿಗೆ ಕೊಟ್ಟು ನೋಡಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿದಿರಲಿಲ್ಲ. ಎರಡು ಗುಂಪಿನವರಿಗೂ ಸ್ವಲ್ಪ ಹಿತವಾಯಿತು, ಆದರೆ ಭೇದವೇ ಕಾಣಲಿಲ್ಲ. ಮುಖಕ್ಕೆ ತಂಪುಗಾಳಿ ಸೋಕಿದರೆ ಮುಖದ ನರಗಳ ಮೂಲಕ ಉಸಿರಿನ ಸಂಕಟದ ಅನುಭವವೇ ತಗ್ಗುತ್ತದೆಂದು ಈಗ ತಿಳಿದಿದೆ. ಅದಕ್ಕಾಗಿ ಕೈಯಲ್ಲಿ ಹಿಡಿಯುವ ಸಣ್ಣ ಬೀಸಣಿಗೆಯನ್ನು ವೈದ್ಯರೇ ವಿಧಿಸುತ್ತಾರೆ. ಜ್ವರದವರ ತಲೆದಸಿಯಲ್ಲಿ ಕುಳಿತು ಅಜ್ಜಿಯರು ರಾತ್ರಿಯೆಲ್ಲ ಬೀಸುತ್ತಿದ್ದ ಬೀಸಣಿಗೆಯನ್ನು ಕೆಲಸವಿಲ್ಲದ ಕೆಲಸವೆಂದು ಹೀಯಾಳಿಸಿದವರು ಇದನ್ನು ಗಮನಿಸಬಹುದು. ಕಿಟಕಿ ತೆರೆಯುವುದು, ಕೋಣೆಯಲ್ಲಿ ಗುಂಪುಗೂಡಿದ ನೆಂಟರನ್ನು ಹೊರಗೆ ಕಳುಹಿಸುವುದು, ರೋಗಿಯನ್ನು ಮುಂದಕ್ಕೆ ಬಾಗಿಸಿ ತೋಳುಗಳನ್ನು ದಿಂಬಿನ ಮೇಲೆ ಊರಿ ಕುಳ್ಳಿರಿಸುವುದು, ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸುವುದು ಇವೂ ಚಿಕಿತ್ಸೆಗಳೇ. ಅಲ್ಪಮಾತ್ರೆಯ ಮಾರ್ಫೀನೂ ಉಸಿರಿನ ಸಂಕಟಕ್ಕೆ ಕೊಡಲ್ಪಡುತ್ತದೆ. ಅದರ ಫಲದ ವಿಷಯದಲ್ಲಿ ಪರೀಕ್ಷೆಗಳೆಲ್ಲ ಒಂದೇ ಮಾತನ್ನಾಡಿಲ್ಲವಾದರೂ, ಬೇರೆ ಉಪಾಯ ನಿಲುಕದ ರೋಗಿಗಳಲ್ಲಿ ಅನುಭವಿಗಳು ಅದನ್ನು ಬಿಟ್ಟಿಲ್ಲ.

ನೋವಿನ ವಿಚಾರ ಇಷ್ಟು ಸಂದಿಗ್ಧವಲ್ಲ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೂರು ಮೆಟ್ಟಿಲ ಏಣಿಯೊಂದನ್ನು ಉಪದೇಶಿಸಿತು: ಸಾಮಾನ್ಯ ನೋವಿಗೆ ಸಾಮಾನ್ಯ ಔಷಧ, ಮಧ್ಯಮಕ್ಕೆ ಸೌಮ್ಯವಾದ ಅಫೀಮಿನ ಜಾತಿಯದು, ತೀವ್ರಕ್ಕೆ ಮಾರ್ಫೀನಿನಂತಹದು, ಸಾಧ್ಯವಿದ್ದಷ್ಟೂ ಬಾಯಿಂದ, ಗಡಿಯಾರದ ಪ್ರಕಾರ. ಮಾರ್ಫೀನು ತಪ್ಪದೆ ಮಲಬದ್ಧತೆಯನ್ನು ತರುವುದರಿಂದ ಅದರ ಜೊತೆಯಲ್ಲಿಯೇ ಭೇದಿಯ ಔಷಧವನ್ನು ಕೊಡಬೇಕು. ಈ ಸಣ್ಣ ಮಾತನ್ನು ಮರೆತ ವೈದ್ಯನ ರೋಗಿಯು ಒಂದು ಸಂಕಟದಿಂದ ಇನ್ನೊಂದಕ್ಕೆ ಬೀಳುವನು. ಗಂತಿಯು ಎಲುಬಿಗೆ ಹರಡಿ ನೋವಾದಾಗ ಎಂಟು ಗ್ರೇ ಪ್ರಮಾಣದ ಕಿರಣವನ್ನು ಒಂದೇ ಬಾರಿ ಕೊಟ್ಟರೂ, ಹಲವು ದಿನ ಹಂಚಿ ಕೊಟ್ಟಷ್ಟೇ ನೋವು ಶಮನವಾಗುವುದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ದೂರದ ಹಳ್ಳಿಯಿಂದ ಬಾಡಿಗೆಯ ಗಾಡಿ ಮಾಡಿಕೊಂಡು ಬರುವವನಿಗೆ ಒಂದು ದಿನಕ್ಕೂ ಹತ್ತು ದಿನಕ್ಕೂ ಇರುವ ಅಂತರವೇನೆಂಬುದನ್ನು ವಿವರಿಸಬೇಕಾಗಿಲ್ಲ. ಕೆಮ್ಮಿದಾಗ ಒಮ್ಮೆಲೇ ರಕ್ತ ನುಗ್ಗುವ ಭಯವಿರುವ ಮನೆಯಲ್ಲಿ ಕಡುಬಣ್ಣದ ಬಟ್ಟೆಗಳನ್ನು ಕೈಗೆಟಕುವಂತೆ ಇಟ್ಟಿರಲು ದಾದಿಯರು ಹೇಳಿಕೊಡುತ್ತಾರೆ. ಬಿಳಿಯ ಬಟ್ಟೆಯ ಮೇಲೆ ಕೆಂಪು ಕಾಣುವಷ್ಟು ಭೀಕರವಾಗಿ ಕಡುಬಣ್ಣದ ಮೇಲೆ ಕಾಣದು. ಯಾವ ಮಹಾಗ್ರಂಥದಲ್ಲಿಯೂ ಹೊಳೆಯದ ಇಂತಹ ಸೂಕ್ಷ್ಮಗಳು ಹಾಸಿಗೆಯ ಬಳಿ ನಿಂತವರಿಗೆ ಮಾತ್ರ ಹೊಳೆಯುತ್ತವೆ.

ಇನ್ನು ಮೇಲೆ ಹೇಳಿದ ಪ್ರಮಾಣ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಶ್ವಾಸಕೋಶದ ಅರ್ಬುದವು ಹರಡಿದೆಯೆಂದು ಹೊಸದಾಗಿ ತಿಳಿದುಬಂದ 151 ರೋಗಿಗಳನ್ನು ಎರಡು ಪಾಲು ಮಾಡಿದರು. ಎಲ್ಲರಿಗೂ ರೂಢಿಯ ಚಿಕಿತ್ಸೆಯುಂಟು. ಒಂದು ಪಾಲಿನವರು ಅದರ ಜೊತೆಗೆ ಮೊದಲಿನಿಂದಲೇ ತಿಂಗಳಿಗೆ ಒಮ್ಮೆಯಾದರೂ ಉಪಶಮನದ ವೈದ್ಯರನ್ನು ಕಾಣುತ್ತಿದ್ದರು. ಜೆನಿಫರ್ ಟೆಮೆಲ್ ಎಂಬ ವೈದ್ಯೆಯೂ ಸಂಗಡಿಗರೂ ಇದರ ಫಲವನ್ನು 2010ರಲ್ಲಿ ಪ್ರಕಟಿಸಿದರು. ಹನ್ನೆರಡು ವಾರಗಳ ಅನಂತರ ಆರೈಕೆ ಪಡೆದವರ ಜೀವನದ ನೆಮ್ಮದಿ ಹೆಚ್ಚಾಗಿತ್ತು. ಖಿನ್ನತೆಯ ಲಕ್ಷಣಗಳು ಇವರಲ್ಲಿ ನೂರಕ್ಕೆ 16 ಮಂದಿಗೆ, ಉಳಿದವರಲ್ಲಿ 38 ಮಂದಿಗೆ. ಕೊನೆಯ ದಿನಗಳಲ್ಲಿ ಉಗ್ರಚಿಕಿತ್ಸೆಗೆ ಒಳಗಾದವರು ಇವರಲ್ಲಿ ನೂರಕ್ಕೆ 33, ಅವರಲ್ಲಿ 54. ಉಗ್ರಚಿಕಿತ್ಸೆ ಕಡಮೆಯಾದುದರಿಂದ ಇವರು ಬೇಗ ಸತ್ತಿರಬೇಕೆಂದು ಯಾರಾದರೂ ಊಹಿಸಿಯಾರು. ಆದದ್ದು ವಿಪರೀತ: ಇವರ ಮಧ್ಯಮ ಆಯುಸ್ಸು 11.6 ತಿಂಗಳು, ಅವರದು 8.9 ತಿಂಗಳು. ಮುಂದಿನ ಪರೀಕ್ಷೆಗಳೆಲ್ಲವೂ ಆಯುಸ್ಸಿನ ಈ ಹೆಚ್ಚಳವನ್ನು ಸಮರ್ಥಿಸಿಲ್ಲವಾದುದರಿಂದ ಅದನ್ನು ಧ್ವಜದಂತೆ ಎತ್ತಿಹಿಡಿಯುವುದು ವಿವೇಕವಲ್ಲ. ಆದರೆ ನೆಮ್ಮದಿಗಾಗಿ ಆಯುಸ್ಸನ್ನು ತೆರಬೇಕಾಗುವುದೆಂಬ ಭಯಕ್ಕೆ ಇಲ್ಲಿ ಆಧಾರ ದೊರೆಯಲಿಲ್ಲ. ವಾದಕ್ಕೆ ಇಷ್ಟೇ ಸಾಕು.

ಇಲ್ಲಿ ಯಾಪ್ಯದ ವಿಚಾರವು ಹೊಸ ರೂಪದಲ್ಲಿ ಮರಳಿ ಬರುತ್ತದೆ. ಈಚಿನ ಎರಡು ದಶಕಗಳಲ್ಲಿ ಗಂತಿಯ ಜೀವಕಣಗಳ ವಿಕಾರವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಗುಳಿಗೆಯನ್ನು ಕೊಡುವ ಕ್ರಮ ಬಂದಿದೆ. ಹೊಗೆಬತ್ತಿಯನ್ನು ಕಂಡರಿಯದ ಹೆಂಗಸರಲ್ಲಿಯೂ ಬರುವ ಒಂದು ಬಗೆಯ ರೋಗದಲ್ಲಿ ಇಂತಹ ಗುಳಿಗೆಗಳು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ರೋಗವನ್ನು ಹಿಡಿದು ನಿಲ್ಲಿಸುತ್ತವೆ. ದೇಹದ ರಕ್ಷಣಶಕ್ತಿಯನ್ನೇ ಎಬ್ಬಿಸುವ ಔಷಧಗಳೂ ಬಂದಿವೆ. ಆದರೆ ಹರಡಿದ ರೋಗವು ಬಹುಮಂದಿಯಲ್ಲಿ ಕೊನೆಗೆ ಮರಳುವುದು. ಔಷಧ ನಡೆಯುವಷ್ಟು ಕಾಲ ನಿಲ್ಲುವುದು, ಅದರ ಬಲ ಕುಂದಿದೊಡನೆ ಏಳುವುದು: ಯಾಪ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ? ಆದರೂ ಒಂದು ಭೇದವಿದೆ. ಪ್ರಾಚೀನರಲ್ಲಿ ಯಾಪ್ಯನು ಒಬ್ಬ, ಪ್ರತ್ಯಾಖ್ಯೇಯನು ಇನ್ನೊಬ್ಬ. ವೈದ್ಯನು ಮೊದಲನೆಯವನ ಬಳಿ ನಿಲ್ಲುವನು, ಎರಡನೆಯವನನ್ನು ಬಿಡುವನು. ಇಂದಿನ ರೋಗಿಯಾದರೋ ಒಂದೇ ಶರೀರದಲ್ಲಿ ಎರಡೂ ಆಗಿದ್ದಾನೆ. ಗುಳಿಗೆಯಿಂದ ಸಾಗುತ್ತಿರುವ ದಿನವೂ ಅವನ ಅಂತ್ಯವು ತಿಳಿದೇ ಇದೆ. ಇಂತಹವನ ಬಳಿಯಿಂದ ವೈದ್ಯನು ಯಾವ ದಿನ ಏಳಬೇಕು? ಏಳುವ ದಿನವೇ ಇಲ್ಲವೆಂಬುದು ಉಪಶಮನಶಾಸ್ತ್ರದ ಸಿದ್ಧಾಂತ.

ಸಿದ್ಧಾಂತವು ಹೀಗಿದ್ದರೂ ಔಷಧವಿಲ್ಲದೆ ಅದು ನಡೆಯದು. ಅಫೀಮಿಗೆ ಸಂಸ್ಕೃತದಲ್ಲಿ ‘ಅಹಿಫೇನ’, ಹಾವಿನ ನೊರೆ ಎಂದು ಹೆಸರು. ಶಾರ್ಙ್ಗಧರಸಂಹಿತೆಯಲ್ಲಿ ಅದರ ಉಲ್ಲೇಖವುಂಟು. ಅದರಿಂದ ತೆಗೆದ ಸಾರಕ್ಕೆ ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಮಾರ್ಫೀನೆಂಬ ನಾಮಕರಣವಾಯಿತು. ಔಷಧಕ್ಕಾಗಿ ಅಫೀಮನ್ನು ಶಾಸನಬದ್ಧವಾಗಿ ಬೆಳೆದು ಲೋಕಕ್ಕೆ ಒದಗಿಸುವ ದೇಶಗಳಲ್ಲಿ ಭಾರತ ಮುಖ್ಯವಾದುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆಯುತ್ತದೆ, ನೀಮಚ್, ಗಾಜೀಪುರಗಳಲ್ಲಿ ಸರ್ಕಾರದ ಕಾರ್ಖಾನೆಗಳಿವೆ. ಆದರೆ 1985ರ ಮಾದಕದ್ರವ್ಯಗಳ ಶಾಸನವು ಬಂದಮೇಲೆ ಒಂದು ಶೀಷೆ ಮಾರ್ಫೀನಿಗೆ ಹಲವು ಕಚೇರಿಗಳ ಅಪ್ಪಣೆಗಳು ಬೇಕಾಗಿ, ತಪ್ಪಿದರೆ ಕಠಿನ ಶಿಕ್ಷೆಯಾಗುವುದೆಂಬ ಭಯದಿಂದ ವೈದ್ಯಶಾಲೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಹನ್ನೆರಡು ವರ್ಷಗಳೊಳಗಾಗಿ ದೇಶದಲ್ಲಿ ಅದರ ಬಳಕೆ ಹಿಂದಿನ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಬೆಳೆಯುವವನ ಮನೆಯಲ್ಲಿಯೇ ಉಪವಾಸ! ಕಳ್ಳನನ್ನು ತಡೆಯಲು ಕಟ್ಟಿದ ಗೋಡೆಯು ಕಳ್ಳನಿಗಿಂತ ಹೆಚ್ಚಾಗಿ ರೋಗಿಯನ್ನು ತಡೆಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಸ್ಥಾಪಿತವಾದ ನೋವು ಮತ್ತು ಉಪಶಮನ ಸಂಘವೂ, 2003ರಲ್ಲಿ ವೈದ್ಯ ಎಂ. ಆರ್. ರಾಜಗೋಪಾಲರು ತಿರುವನಂತಪುರದಲ್ಲಿ ಆರಂಭಿಸಿದ ಪ್ಯಾಲಿಯಂ ಇಂಡಿಯಾ ಎಂಬ ಸಂಸ್ಥೆಯೂ ಈ ಗೋಡೆಯಲ್ಲಿ ಬಾಗಿಲು ತೆಗೆಸುವುದಕ್ಕಾಗಿ ಬಹುವರ್ಷ ಶ್ರಮಿಸಿದುವು. ಕೇರಳಸರ್ಕಾರವು 2008ರಲ್ಲಿ ಉಪಶಮನದ ಆರೈಕೆಗಾಗಿ ನೀತಿಯನ್ನು ಘೋಷಿಸಿತು. 2014ರಲ್ಲಿ ಪಾರ್ಲಿಮೆಂಟು ಶಾಸನವನ್ನೇ ತಿದ್ದಿ, ಆವಶ್ಯಕವಾದ ಇಂತಹ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ಕ್ರಮವನ್ನು ಮಾಡಿತು. ಶಾಸನ ತಿದ್ದಿದಷ್ಟು ಬೇಗ ವೈದ್ಯರ ಭಯ ತಿದ್ದುವುದಿಲ್ಲ. ಮಾರ್ಫೀನೆಂದೊಡನೆ ಸಾವು, ಚಟ ಎಂಬ ಎರಡು ಮಾತುಗಳೇ ಇಂದಿಗೂ ಜನರ ಬಾಯಿಗೆ ಬರುತ್ತವೆ. ನೋವಿಗೆ ತಕ್ಕಂತೆ ಅಳೆದು ಏರಿಸಿದ ಮಾತ್ರೆಯು ಆಯುಸ್ಸನ್ನು ಕತ್ತರಿಸುವುದಿಲ್ಲವೆಂಬುದು ಬಲ್ಲವರ ಅನುಭವ.

ರೋಗಿಗೆ ಸತ್ಯವನ್ನು ಹೇಳಬೇಕೇ ಎಂಬುದು ಇನ್ನೊಂದು ಕಠಿನ ಪ್ರಶ್ನೆ. ಅರಿಷ್ಟಚಿಹ್ನೆಗಳನ್ನು ಕಂಡ ವೈದ್ಯನು ಕೇಳದೆ ಮರಣವನ್ನು ಸೂಚಿಸಬಾರದು. ಕೇಳಿದರೂ ರೋಗಿಗೋ ಮತ್ತೊಬ್ಬರಿಗೋ ಆಘಾತವಾಗುವಲ್ಲಿ ಹೇಳಬಾರದು ಎಂದು ಚರಕದ ಇಂದ್ರಿಯಸ್ಥಾನದ ಕೊನೆಯಲ್ಲಿ ವಿಧಿಸಿದೆ. ಅದೇ ಸಂಹಿತೆಯ ಉದರರೋಗದ ಪ್ರಕರಣದಲ್ಲಿ, ಕೈಮೀರಿದ ಸ್ಥಿತಿಯಲ್ಲಿ ವಿಷಪ್ರಯೋಗಕ್ಕೆ ಮುಂಚೆ ಬಂಧುಗಳನ್ನೂ ಮಿತ್ರರನ್ನೂ ಕರೆದು ಪ್ರಾಣಸಂಶಯವನ್ನು ತೆರೆದು ಹೇಳಿ ಒಪ್ಪಿಗೆ ಪಡೆಯಬೇಕೆಂದೂ ಇದೆ. ಒಂದರಲ್ಲಿ ಮೌನ, ಇನ್ನೊಂದರಲ್ಲಿ ಮಾತು. ವಿರೋಧವೆಂದು ತೋರಿದರೂ ವಿಷಯವ್ಯವಸ್ಥೆಯಿಂದ ಪರಿಹಾರವಾಗುತ್ತದೆ. ನಿರ್ಧಾರ ಮಾಡಬೇಕಾದಲ್ಲಿ ತಿಳಿವಳಿಕೆ ಬೇಕು. ನಿರ್ಧಾರವೇನೂ ಇಲ್ಲದಲ್ಲಿ ಒತ್ತಾಯದ ಸತ್ಯ ಬೇಡ. ಶ್ವಾಸಕೋಶದ ರೋಗಿಗಾದರೋ ನಿರ್ಧಾರಗಳು ತಿಂಗಳಿಗೊಂದು ಎದುರಾಗುತ್ತವೆ: ಇನ್ನೊಂದು ಸುತ್ತು ಔಷಧವೇ, ಊರಿಗೆ ಹೋಗುವುದೇ, ಹೊಲದ ಕಾಗದಗಳು, ಮಗಳ ಮದುವೆ. ಅವನಿಗೇ ತಿಳಿಯದಂತೆ ಮಕ್ಕಳು ಎಲ್ಲವನ್ನೂ ಗೊತ್ತುಮಾಡುವ ನಮ್ಮ ಮನೆಗಳ ಪದ್ಧತಿಯಲ್ಲಿ ಪ್ರೀತಿಯಿದೆ, ನಿಜ. ಆದರೆ ಸಾಯುವವನು ತನ್ನ ಸಾವಿನ ಸುದ್ದಿಯೊಂದನ್ನು ಮಾತ್ರ ಕೇಳಲಾರದೆ ಒಂಟಿಯಾಗಿ ಉಳಿಯುವುದೂ ಅದೇ ಪ್ರೀತಿಯಿಂದ. ಎಷ್ಟು ತಿಳಿಯಲು ಬಯಸುವಿರಿ ಎಂದು ಮೊದಲು ರೋಗಿಯನ್ನೇ ಕೇಳಿ, ಅವನು ತೆರೆದಷ್ಟೇ ಬಾಗಿಲನ್ನು ಪ್ರವೇಶಿಸುವುದು ಉಪಶಮನದ ವೈದ್ಯರ ಕ್ರಮ. ಅದು ಎರಡು ವಿಧಿಗಳಿಗೂ ಒಪ್ಪುತ್ತದೆ.

ವೈದ್ಯನ ಮನೋವೃತ್ತಿ ನಾಲ್ಕು ಬಗೆಯೆಂದು ಚರಕವು ಹೇಳುತ್ತದೆ: ಮೈತ್ರಿ, ಆರ್ತರಲ್ಲಿ ಕಾರುಣ್ಯ, ಸಾಧ್ಯನಾದ ರೋಗಿಯಲ್ಲಿ ಪ್ರೀತಿ, ಪ್ರಕೃತಿಯನ್ನು ಸೇರುತ್ತಿರುವವರಲ್ಲಿ ಉಪೇಕ್ಷೆ. ಪ್ರಕೃತಿಯೆಂದರೆ ಇಲ್ಲಿ ಮರಣವೆಂದು ಅರ್ಥಮಾಡುವ ಸಂಪ್ರದಾಯವುಂಟು. ಉಪೇಕ್ಷೆಯೆಂದರೆ ಕನ್ನಡದಲ್ಲಿ ಅಲಕ್ಷ್ಯ. ಹಾಗಾದರೆ ಸಾಯುವವನನ್ನು ಅಲಕ್ಷಿಸಬೇಕೆಂದಾಯಿತು! ಆದರೆ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಯೋಗಶಾಸ್ತ್ರದಲ್ಲಿಯೂ ಬೌದ್ಧರಲ್ಲಿಯೂ ಬರುವ ಭಾವನೆಗಳು. ಬೌದ್ಧರಲ್ಲಿ ಉಪೇಕ್ಷೆಯು ಕದಡದ ಸಮಚಿತ್ತ. ‘ಉಪ’ ಎಂದರೆ ಸಮೀಪ, ‘ಈಕ್ಷಾ’ ಎಂದರೆ ನೋಡುವುದು. ಅಕ್ಷರಾರ್ಥದಂತೆ ಹತ್ತಿರದಿಂದ ನೋಡುವುದೇ ಉಪೇಕ್ಷೆ. ಯೋಗಕ್ಕಿಂತ ರೂಢಿ ಬಲವತ್ತರವಾದುದರಿಂದ ಸಂಹಿತಾಕಾರನ ಅಭಿಪ್ರಾಯವು ಚಿಕಿತ್ಸೆಯಿಂದ ಕೈತೆಗೆಯುವುದೇ ಆಗಿದ್ದೀತು. ಅದನ್ನು ಬಲಾತ್ಕಾರದಿಂದ ಆಧುನಿಕವಾಗಿಸಬೇಕಾದ್ದಿಲ್ಲ. ಆದರೂ ಕೈತೆಗೆಯುವುದೂ ಕಣ್ಣುತೆಗೆಯುವುದೂ ಒಂದೇ ಅಲ್ಲ.

ಇನ್ನು ಹೆಸರಿನ ವಿಚಾರ. ‘ಉಪಶಮನ’ವು ನಿರ್ದುಷ್ಟವಲ್ಲ, ವೈದ್ಯಗ್ರಂಥಗಳಲ್ಲಿ ವ್ಯಾಧಿಯ ಪ್ರಶಮವೆಂದರೆ ವ್ಯಾಧಿ ಹೋಗುವುದೇ. ‘ಯಾಪನ’ವೆಂಬುದು ಅರ್ಥದಲ್ಲಿ ಹೆಚ್ಚು ಹತ್ತಿರ. ಆದರೆ ‘ಕಾಲಯಾಪನೆ’ಯೆಂದರೆ ಕನ್ನಡಿಗರಿಗೆ ಸುಮ್ಮನೆ ಹೊತ್ತು ಕಳೆಯುವುದು, ಎಣಿಸಿದ ತಿಂಗಳುಗಳುಳ್ಳವನ ಸೇವೆಗೆ ಆ ಹೆಸರು ಒಪ್ಪುವುದಿಲ್ಲ. ಆದುದರಿಂದ ಉಪಶಮನವೇ ಇರಲಿ, ಆದರೆ ಅದರ ಮುಂದೆ ‘ಚಿಕಿತ್ಸೆ’ಗಿಂತ ‘ಆರೈಕೆ’ ಲೇಸು. ಇದು ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ‘ಆರಯ್’ ಎಂಬುದಕ್ಕೆ ವಿಚಾರಿಸು, ಹುಡುಕಿ ನೋಡು ಎಂದೂ ಪೋಷಿಸು ಎಂದೂ ಎರಡರ್ಥ. ನೋಡಿಕೊಳ್ಳುವುದೆಂ ಬ ಇಂದಿನ ಮಾತಿನಲ್ಲಿಯೂ ಆ ಎರಡರ್ಥಗಳು ಹೀಗೆಯೇ ಕೂಡಿಕೊಂಡಿವೆ.

ಕರ್ಣಾಟಕದಲ್ಲಿ ಈ ಕಾರ್ಯಕ್ಕೆ ಮೊದಲಾದವುಗಳಲ್ಲಿ ಬೆಂಗಳೂರಿನ ಕರುಣಾಶ್ರಯ ಪ್ರಸಿದ್ಧವಾದುದು. ಇದನ್ನು ನಡೆಸುವ ಬೆಂಗಳೂರು ಹಾಸ್ಪಿಸ್ ಟ್ರಸ್ಟು 1994ರಲ್ಲಿ ಸ್ಥಾಪಿತವಾಯಿತು. 1999ರಿಂದ ಅಲ್ಲಿ ವಾಸಿಯಾಗದ ಅರ್ಬುದರೋಗಿಗಳಿಗೆ ಹಣ ಪಡೆಯದೆ ಆರೈಕೆ ನಡೆಯುತ್ತಿದೆ. ಮನೆಯಲ್ಲಿಯೇ ಇರಬಯಸುವವರ ಮನೆಗೆ ದಾದಿಯರು ಹೋಗುವ ಏರ್ಪಾಡೂ ಉಂಟು. ಕೊನೆಗಾಲದಲ್ಲಿ ಯಂತ್ರಗಳಿಂದ ಉಸಿರಾಡಿಸುವುದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚಿಯಲ್ಲಿ ಅಂಗೀಕರಿಸಿತು. ಅದರ ವಿಧಾನವು ಬಹಳ ತೊಡಕಾಗಿದ್ದುದರಿಂದ 2023ರಲ್ಲಿ ಸರಳಗೊಳಿಸಿತು. ಆ ತೀರ್ಪನ್ನು ಆಚರಣೆಗೆ ತರುವುದಕ್ಕಾಗಿ ಕರ್ಣಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಸುತ್ತೋಲೆಯನ್ನು ಹೊರಡಿಸಿದೆ. ಇದನ್ನು ಮರಣವನ್ನು ತರುವ ಅನುಜ್ಞೆಯೆಂದು ಪತ್ರಿಕೆಗಳನ್ನೋದಿದ ಕೆಲವರು ತಿಳಿದಿದ್ದಾರೆ. ಬರುತ್ತಿರುವ ಮರಣವನ್ನು ಯಂತ್ರದಿಂದ ತಡೆದು ನಿಲ್ಲಿಸದಿರುವುದು ಬೇರೆ, ತಾನಾಗಿ ಮರಣವನ್ನು ತರುವುದು ಬೇರೆ. ಹಾಗೆ ಬರೆದಿಟ್ಟವನಿಗೂ ನೋವಿನ ಔಷಧ, ಬಾಯಿಗೆ ತೇವ, ಹೊರಳಿಸಿ ಮಲಗಿಸುವುದು, ಮುಖಕ್ಕೆ ಗಾಳಿ, ಇವು ಕೊನೆಯವರೆಗೂ ನಡೆಯತಕ್ಕವು.